ಹರಿಯದೆ ಉಳಿದ ಕಾಗದ

ಶಿಕಾರಿಪುರ
29-7-1957, ಸೋಮವಾರ

ತಮ್ಮ ಪರಮಶಿವನಿಗೆ ಅಕ್ಕ ಬಸವಣ್ಣೆಮ್ಮನ ಹರಕೆ.

ಇವತ್ತು ಶ್ರಾವಣದ ಮೊದಲ ಸೋಮವಾರ. ಉಳಿದ ಸೋಮವಾರ ನನ್ನದು ಒಪ್ಪತ್ತು, ಸಂಜೆ ಪೂಜೆಯಾದ ಮೇಲೆ ಒಂದು ಹೊತ್ತು ಉಣ್ಣುತ್ತೇನೆ. ಈ ಸೋಮವಾರ ಮಾತ್ರ ನೀರೂ ಇಲ್ಲ. ಬೆಳಿಗ್ಗೆ ಮೂರು ಎಮ್ಮೆ ಹಿಂಡಿ, ದಿನದ ವರ್ತನೆಯ ಮನೆಗಳಿಗೆ ಹಾಲು ಅಳೆದು ಕೊಟ್ಟು, ಕೊಟ್ಟಿಗೆ ಬಳಿದು, ಮಿಂದು, ಪತ್ರೆ ಕೊಯ್ದು ತಂದು ಲಿಂಗಪೂಜೆ ಮುಗಿಸಿದೆ. ಆಮೇಲೆ ಮೊಮ್ಮಗಳು ನಿರ್ಮಲಳಿಗೆ ಹೋಳಿಗೆ ಮಾಡಿದೆ. ಅವಳು ಹುಟ್ಟಿದ್ದು ಶ್ರಾವಣದ ಮೊದಲ ಸೋಮವಾರವಲ್ಲವೇ, ಇವತ್ತಿಗೆ ಹದಿಮೂರು ತುಂಬಿತು. ಮೂರು ತಿಂದು, ನಾಲ್ಕನೆಯದನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡೇ ಶಾಲೆಗೆ ಓಡಿದಳು.

ನಿನ್ನ ಕಾಗದ ಮೊನ್ನೆ ಬಂತು. ನಮ್ಮ ಮನೆತನದಲ್ಲಿ ಯಾರು ಯಾರು ಹೇಗೆ ಹೇಗೆ ತೀರಿಹೋದರು ಬರೆದು ಕಳಿಸು, ಅವರ ಹೆಸರನ್ನು ಪುಸ್ತಕದಲ್ಲಿ ಹಾಕುತ್ತೇನೆ ಎಂದಿದ್ದೀಯ. ಓದಿ ಕಣ್ಣು ತುಂಬಿತು. ಸೊರಬಕ್ಕೆ ಹೋಗಿ ಇಂಗ್ಲಿಷು ಮಾಸ್ತರನಾದ ಮೇಲೆ ನಿನಗೆ ಹಿರಿಯರು ಮರೆತೇ ಹೋದರು ಎಂದುಕೊಂಡಿದ್ದೆ. ತಪ್ಪು ತಿಳಿದೆ. ಶಿವರಾತ್ರಿಗೆ ಮಠದಲ್ಲಿ ಅಯ್ಯನವರ ಮುಂದೆ ಓದಿಸುವ ಸ್ಮರಣೆಯ ಪುಸ್ತಕ ಇರಬೇಕು ಇದು. ಒಳ್ಳೆಯ ಕೆಲಸ.

ಅಪ್ಪ ಮಹೇಶ್ವರಪ್ಪ: ನೇಗಿಲ ಗುಳ ಕಾಲಿಗೆ ಹೊಕ್ಕು, ಗಾಯ ಕೀವುಗಟ್ಟಿ, ಹದಿನೆಂಟನೆಯ ದಿನ ಲಿಂಗೈಕ್ಯ. ಕೊನೆಗೆ ಕಾಲು ನಾರುತ್ತಿತ್ತು, ಅದನ್ನು ಬರೆಯಬೇಡ. ಸೋದರತ್ತೆ ರಾಜೇಶ್ವರಮ್ಮ: ವಾಂತಿಭೇದಿ, ಒಂದೇ ಹಗಲು. ಚಿಕ್ಕಪ್ಪ ಗುತ್ಯಪ್ಪ: ಹೊಳೆ ದಾಟುವಾಗ. ಎಮ್ಮೆ ಈಜಿ ದಡ ಸೇರಿತು, ಅದರ ಬಾಲ ಹಿಡಿದಿದ್ದ ಅವನು ಸೇರಲಿಲ್ಲ. ದೊಡ್ಡಪ್ಪನ ಮಗ ಮಲ್ಲೇಶಪ್ಪ: ಹುಣಸೆ ಮರದಿಂದ ಬಿದ್ದು. ಹತ್ತಬೇಡ ಎಂದು ಹೆಂಡತಿ ಹೇಳಿದ್ದಳು, ಅದನ್ನೂ ಬರೆಯಬೇಡ.

ನನ್ನ ಮಗಳು ಲೋಕಮ್ಮ: ಚಳಿಜ್ವರ, ಸಂಕ್ರಾಂತಿಯ ಮರುದಿನ. ಹೀಗೆಯೇ ಬರೆ. ನಿನಗೆ ಗೊತ್ತಿರುವುದು ನಿನ್ನಲ್ಲೇ ಇರಲಿ.

ನಿನ್ನ ಹೆಂಡತಿ ದ್ಯಾಮಮ್ಮನಿಗೆ ಎರಡು ಸೇರು ತುಪ್ಪ ಕಟ್ಟಿಟ್ಟಿದ್ದೇನೆ. ಯಾರಾದರೂ ಸೊರಬದ ಕಡೆ ಬಂದರೆ ಕಳಿಸುತ್ತೇನೆ.

ಬಸವಣ್ಣೆಮ್ಮ

—

ಸೊರಬ
12-8-1957

ಪೂಜ್ಯ ಅಕ್ಕನವರ ಪಾದಗಳಿಗೆ ಪರಮಶಿವಪ್ಪನ ನಮಸ್ಕಾರಗಳು.

ತಾವು ಕಳಿಸಿದ ಪಟ್ಟಿ ತಲುಪಿತು. ಬಹಳ ಉಪಯುಕ್ತವಾಗಿದೆ. ತಮಗೆ ಇಂಗ್ಲಿಷಿನ ಒಂದು ವಿಶೇಷ ಹೇಳಬೇಕು. ನಮ್ಮಲ್ಲಿ ತೀರಿಕೊಂಡರು ಎಂದರೆ ಮುಗಿಯಿತು. ಅಲ್ಲಿ ಡೈ ಎಂಬ ಕ್ರಿಯಾಪದದ ಬೆನ್ನಿಗೆ ಒಂದು ಸಣ್ಣ ಪದ ಬರುತ್ತದೆ. ರೋಗವಾದರೆ ಆಫ್, ಗಾಯವಾದರೆ ಫ್ರಮ್, ಮುಳುಗಿದರೆ ಬೈ, ದೇಶಕ್ಕಾಗಿ ಎಂದರೆ ಫಾರ್. ಒಂದರ ಜಾಗದಲ್ಲಿ ಇನ್ನೊಂದು ಬಂದರೆ ವಾಕ್ಯವೇ ಕೆಟ್ಟಿತು. ಇದರಲ್ಲಿ ಓದಿದವರೂ ಎಡವುತ್ತಾರೆ.

ಆದ್ದರಿಂದ ಒಂದು ವಿವರ ಬೇಕು. ಅಪ್ಪ ಹೋದದ್ದು ಗಾಯದಿಂದಲೋ, ಗಾಯದ ಮೇಲೆ ಬಂದ ಜ್ವರದಿಂದಲೋ? ಮೊದಲನೆಯದಾದರೆ ಫ್ರಮ್, ಎರಡನೆಯದಾದರೆ ಆಫ್. ಬೇಗ ತಿಳಿಸಿರಿ. ಅಚ್ಚಿನ ಮನೆಯವರು ಕಾಯುತ್ತಿದ್ದಾರೆ.

ತಮ್ಮ ಪರಮಶಿವಪ್ಪ

—

ಶಿಕಾರಿಪುರ
19-8-1957, ಸೋಮವಾರ

ಪರಮಶಿವನಿಗೆ ಅಕ್ಕನ ಹರಕೆ.

ಗಾಯವೋ ಜ್ವರವೋ ಎಂದು ಕೇಳಿದ್ದೀಯ. ಹದಿನೆಂಟು ದಿನ ಅಪ್ಪನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬೇವಿನ ನೀರಿನಲ್ಲಿ ತೊಳೆದವಳು ನಾನು. ಗಾಯ ಎಲ್ಲಿಗೆ ಮುಗಿಯಿತು, ಜ್ವರ ಎಲ್ಲಿಂದ ಶುರುವಾಯಿತು ನನಗೆ ತಿಳಿಯದು. ನಿನಗೆ ಬೇಕಾದ ಬಾಲ ಹಚ್ಚಿಕೋ. ಬೆಲ್ಲ ಕೊಳ್ಳುವವನು ಅಚ್ಚೋ ಪುಡಿಯೋ ಎಂದು ಕೇಳಿದ ಹಾಗೆ ಕೇಳಿದ್ದೀಯ, ಓದುವಾಗ ಸ್ವಲ್ಪ ಕಸಿವಿಸಿಯಾಯಿತು. ಓದಿದವರ ರೀತಿ ಹೀಗಿರಬಹುದು ಎಂದು ಸುಮ್ಮನಾದೆ.

ಪುಸ್ತಕ ಬರುತ್ತದೆ ಎಂದು ಅಯ್ಯನವರಿಗೆ ಹೇಳಿದೆ. "ಇಂಗ್ಲಿಷಿನಾಗೆ ಓದಿದ್ರೆ ಶಿವನಿಗೆ ತಿಳೀತೈತೇನವ್ವಾ" ಎಂದು ನಕ್ಕರು. "ನಂದಿ ಮಾತೇ ತಿಳೀತೈತಂತೆ, ನಮ್ಮ ಮಾಸ್ತರ ಮಾತು ತಿಳಿಯಲ್ವಾ ಅಯ್ಯಾ" ಎಂದೆ. ನಕ್ಕು ವಿಭೂತಿ ಕೊಟ್ಟರು.

ತುಪ್ಪ ಕಳಿಸಿದ್ದೇನೆ. ಮುಟ್ಟಿದ್ದಕ್ಕೆ ಬರೆ.

ಬಸವಣ್ಣೆಮ್ಮ

—

ಸೊರಬ
6-1-1958

ಪೂಜ್ಯ ಅಕ್ಕನವರಿಗೆ ನಮಸ್ಕಾರಗಳು.

ಕೆಲಸದ ಒತ್ತಡದಲ್ಲಿ ಇಷ್ಟು ದಿನ ಬರೆಯಲಾಗಲಿಲ್ಲ. ಪುಸ್ತಕ ಅಚ್ಚಾಗಿ ಬಂದಿದೆ. ನೀಲಿ ರಟ್ಟು. ನಿರ್ಮಲಳ ಶಾಲೆಗೂ ನಲವತ್ತು ಪ್ರತಿ ಹೋಗಿವೆ. ಅವಳ ಹೆಸರು ಬರೆದು ಒಂದನ್ನು ಬೇರೆಯಾಗಿ ಅಂಚೆಯಲ್ಲಿ ಕಳಿಸಿದ್ದೇನೆ, ಸೊರಬದ ಅಜ್ಜನ ಕಾಣಿಕೆ ಎಂದು ಹೇಳಿರಿ. ಮೊದಲು ಮೂವತ್ತೊಂದನೆಯ ಪುಟ ತೆಗೆಯಲಿ. ನಮ್ಮವರೆಲ್ಲ ಅಲ್ಲಿದ್ದಾರೆ.

ತುಪ್ಪ ಮುಟ್ಟಿತು. ಚೆನ್ನಾಗಿತ್ತು.

ಪರಮಶಿವಪ್ಪ

—

ಶಿಕಾರಿಪುರ
16-1-1958, ಗುರುವಾರ

ಪರಮಶಿವ,

ಈ ಸಲ ಹರಕೆ ಬರೆಯಲು ಕೈ ಏಳಲಿಲ್ಲ.

ಪುಸ್ತಕ ಸಂಕ್ರಾಂತಿಯ ಹಿಂದಿನ ದಿನ ಬಂತು. ನಾನು ಕೈಕಾಲು ತೊಳೆದು, ವಿಭೂತಿ ಇಟ್ಟುಕೊಂಡು, ಮಣೆ ಹಾಕಿ ಕೂತೆ. ನಿನ್ನ ನೀಲಿ ರಟ್ಟಿಗೂ ಒಂದು ಬೆರಳು ವಿಭೂತಿ ಹಚ್ಚಿದೆ. ಓದು ಮಗಳೇ ಎಂದೆ.

"ಅಜ್ಜಿ, ಇದು ಶಾಲೆ ಪುಸ್ತಕ. ಗ್ರಾಮರು."

"ಇರಲಿ ಓದು. ನಿನ್ನ ಮುತ್ತಜ್ಜ ಅದಾನೆ ಇದರಾಗೆ."

ಓದಿದಳು. ಮೊದಲು ಇಂಗ್ಲಿಷು, ಪಕ್ಕದಲ್ಲಿ ಕನ್ನಡ. ಮಹೇಶ್ವರಪ್ಪನು ಗಾಯದಿಂದ ಸತ್ತನು. ರಾಜೇಶ್ವರಮ್ಮನು ವಾಂತಿಭೇದಿಯಿಂದ ಸತ್ತಳು. ಸತ್ತನು, ಸತ್ತಳು. ನಾಯಿಗೆ ಬೆಕ್ಕಿಗೆ ಹೇಳುವ ಮಾತು. ಲಿಂಗೈಕ್ಯರಾದರು ಎಂದು ಬರೆಯಲು ನಿನ್ನ ಮಸಿ ಮುಗಿದಿತ್ತೇನು? ಗುತ್ಯಪ್ಪನು ಮುಳುಗಿ ಸತ್ತನು. ಮಲ್ಲೇಶಪ್ಪನು ದೇಶಕ್ಕಾಗಿ ಸತ್ತನು ಎಂದು ಬಂದಾಗ ನಾವಿಬ್ಬರೂ ನಕ್ಕೆವು. "ಹುಣಸೆ ಮರ ಯಾವ ದೇಶದ್ದಜ್ಜಿ" ಎಂದಳು. ಆ ನಗು ಬಾಯಲ್ಲಿ ಇರುವಾಗಲೇ ಮುಂದಿನ ಸಾಲು ಹಿಡಿದಳು. ಇಂಗ್ಲಿಷನ್ನು ಪೂರ್ತಿ ಓದಿದಳು. ಕನ್ನಡಕ್ಕೆ ಬಂದು ನಿಂತಳು. ಪುಸ್ತಕ ಮುಚ್ಚಿ, "ಹಾಲು ಉಕ್ಕತೈತಿ" ಎಂದು ಎದ್ದು ಹೋದಳು. ಒಲೆಯ ಮೇಲೆ ಹಾಲು ಇರಲಿಲ್ಲ.

ನಾನೇ ತೆಗೆದು ಓದಿದೆ. ಬಳ್ಳಿಗಾವಿಯ ಲೋಕಮ್ಮನು ಹೆರಿಗೆಯಲ್ಲಿ ಸತ್ತಳು.

ನನ್ನ ಮಗಳಿಗೆ ಇದ್ದದ್ದು ಒಂದೇ ಹೆರಿಗೆ.

ನೀನು ಆಗ ಬರಲಿಲ್ಲ, ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ, ಕೇಳು. ಚೊಚ್ಚಲು ಹೆರಿಗೆಗೆ ಎಂದು ಗಂಡನ ಊರು ಜಡೆಯಿಂದ ಕರೆತಂದ ಮಗಳನ್ನು ಬಳ್ಳಿಗಾವಿಯ ನಮ್ಮ ಹೊಲದಲ್ಲಿ ಮಣ್ಣು ಮಾಡಿ ಮೂರು ದಿನವಾಗಿತ್ತು. ಬೀಗಿತಿ ಬಂದಳು. ಕೂಸನ್ನು ಎತ್ತಿಕೊಳ್ಳಲಿಲ್ಲ. ಬಾಗಿಲಲ್ಲೇ ನಿಂತು, "ತಾಯಿ ತಿಂದ್ಕಂಡು ಹುಟ್ಟಿದ್ದು, ನಮ್ಮನೆ ಹೊಸ್ತಿಲು ತುಳಿಸ್ಬ್ಯಾಡಿ" ಎಂದಳು. ಊರಲ್ಲಿ ಆ ಮಾತು ಕೂಸಿಗಿಂತ ಬೇಗ ಬೆಳೆಯಿತು. ಕೂಸು ಮೊಲೆಹಾಲಿಗೆ ಅತ್ತರೆ, "ತಿಂದಾಯ್ತಲ್ಲ, ಇನ್ನೇನು ಬೇಕು" ಎಂದವರಿದ್ದರು. ಅದಕ್ಕೇ ಹೊಲ ಗೇಣಿಗೆ ಕೊಟ್ಟು ಈ ಊರಿಗೆ ಬಂದು ಎಮ್ಮೆ ಕಟ್ಟಿದೆ. ಇಲ್ಲಿ ಯಾರಿಗೂ ತಿಳಿಯದು. ಕೂಸಿಗೆ ಆರು ತಿಂಗಳಾದಾಗ ತಾಯಿ ಚಳಿಜ್ವರದಲ್ಲಿ ಹೋದಳು ಎಂದೆ. ಸಂಕ್ರಾಂತಿಯ ಮರುದಿನ ಎಂದು ದಿನ ಇಟ್ಟೆ. ಆರು ತಿಂಗಳು ನಿನ್ನನ್ನು ಮಡಿಲಲ್ಲಿ ಆಡಿಸಿದಳು ಎಂದು ನಿರ್ಮಲಳಿಗೆ ಕತೆ ಕಟ್ಟಿದೆ. ದೇವರ ಮುಂದೆ ಕೂತು ಸುಳ್ಳು ಹೇಳಿದ ಪಾಪ ನನ್ನದು. ಅದನ್ನು ನಾನು ಹೊರುತ್ತೇನೆ, ನಿನ್ನನ್ನು ಪಾಲು ಕೇಳುವುದಿಲ್ಲ.

ನಿನ್ನೆ ಆ ದಿನ ಬಂತು. ಅಯ್ಯನವರು, ಐದು ಮನೆಯವರು ಪ್ರಸಾದಕ್ಕೆ ಬಂದಿದ್ದರು. ನಿರ್ಮಲ ಪಂಕ್ತಿಗೆ ಅನ್ನ ಬಡಿಸಿದಳು. ಒಂದು ಅಗುಳೂ ಕೆಳಗೆ ಬೀಳಲಿಲ್ಲ. ಎಲ್ಲರೂ ಹೋದ ಮೇಲೆ ಎಲೆ ಎತ್ತುತ್ತಾ, "ಇವತ್ತಲ್ಲವಲ್ಲ ಅಜ್ಜಿ" ಎಂದಳು. ಅಷ್ಟೇ. ಇವತ್ತು ಶಾಲೆಯಿಂದ ಬೇಗ ಬಂದಳು. ನಲವತ್ತು ಪುಸ್ತಕ ಕಳಿಸಿದ್ದೀಯಲ್ಲ, ಹುಡುಗಿಯರು ಪುಟ ತೆಗೆದು, "ಬಳ್ಳಿಗಾವಿ ಲೋಕಮ್ಮ ಅಂದ್ರೆ ನಿಮ್ಮವ್ವನೇ ಅಲ್ಲೇನೇ" ಎಂದು ಕೇಳಿದರಂತೆ. ಈಗ ನಮ್ಮ ಓಣಿಯ ಬಾವಿಯ ಹತ್ತಿರ ಮಕ್ಕಳು ಕೊಡಕ್ಕೆ ನೀರು ಸೇದುತ್ತಾ ಅಪ್ಪನ ಹೆಸರು, ಅತ್ತೆಯ ಹೆಸರು, ನನ್ನ ಮಗಳ ಹೆಸರು ಬಾಯಿಪಾಠ ಮಾಡುತ್ತಿದ್ದಾರೆ. ಒಳಗೆ ಕೂತು ಕೇಳುತ್ತಿದ್ದೇನೆ.

ಇನ್ನೂ ಒಂದು. ಅದೇ ಪುಟದ ಕೆಳಗೆ, ಇಂಗ್ಲಿಷಿಗೆ ತಿರುಗಿಸಿರಿ ಎಂದು ಐದು ಸಾಲು ಕೊಟ್ಟಿದ್ದೀಯ. ಮೂರನೆಯದು: "ಸಾರಿಸಿದ ನೆಲ ಆರುವ ಮೊದಲೇ ಅವಳ ಉಸಿರು ಆರಿತು." ಆ ಮಾತು ನನ್ನದು. ಲೋಕಿ ಹೋದ ದಿನ ನಿಜ ಬರೆದದ್ದು ನಿನಗೊಬ್ಬನಿಗೆ. ಸಾವಿನ ಕಾಗದ ಎಂದು ಮೂಲೆ ಹರಿದು ಕಳಿಸಿದ್ದೆ. ಅಂಥ ಕಾಗದವನ್ನು ಅಂಗಳದಲ್ಲೇ ನಿಂತು ಓದಿ, ಅಲ್ಲೇ ಹರಿದು ಹಾಕಿ, ಕಾಲು ತೊಳೆದು ಒಳಗೆ ಬರುತ್ತಾರೆ. ಹೊಸ್ತಿಲು ದಾಟಿಸುವುದಿಲ್ಲ. ಓದು ಬಾರದವರಿಗೂ ಇದು ಗೊತ್ತು. ನೀನೂ ಹರಿದಿರುತ್ತೀ ಎಂಬ ನಂಬಿಕೆಯಿಂದಲೇ ಅಷ್ಟನ್ನು ಬರೆದೆ. ಹದಿಮೂರು ವರ್ಷದ ಮೇಲೆ ಅಕ್ಷರಕ್ಕೆ ಅಕ್ಷರ ನೆನಪಿರಲು ನೀನು ಪಂಡಿತನೇ ಇರಬಹುದು, ಆದರೂ ನಾನು ನಂಬುವುದಿಲ್ಲ.

ಹರಿದೆಯೋ ಇಲ್ಲವೋ, ಅದೊಂದನ್ನು ಬರೆ.

ಬಸವಣ್ಣೆಮ್ಮ

—

ಸೊರಬ
21-1-1958

ಅಕ್ಕನವರಿಗೆ ನಮಸ್ಕಾರಗಳು.

ತಾವು ಇಷ್ಟು ನೊಂದುಕೊಳ್ಳುತ್ತೀರಿ ಎಂದು ತಿಳಿದಿರಲಿಲ್ಲ. ನಾನು ಸ್ಮರಣೆಯ ಪುಸ್ತಕ ಎಂದು ಎಲ್ಲೂ ಬರೆದಿಲ್ಲ, ತಾವೇ ಹಾಗೆ ತಿಳಿದಿರಿ. ತಿದ್ದಬೇಕಿತ್ತು, ತಿದ್ದಲಿಲ್ಲ. ತಿದ್ದಿದ್ದರೆ ತಾವು ಪಟ್ಟಿ ಕೊಡುತ್ತಿರಲಿಲ್ಲ.

ಕಾಗದ ಹರಿಯಲಿಲ್ಲ. ನಮ್ಮ ಶರಣರ ಮತದಲ್ಲಿ ಸೂತಕವೇ ಇಲ್ಲ, ಕಾಗದ ಹರಿಯುವುದು ಮೂಢನಂಬಿಕೆ. ನನಗೆ ಬಂದ ಎಲ್ಲ ಕಾಗದಗಳನ್ನೂ ಪೆಟ್ಟಿಗೆಯಲ್ಲಿ ತಾರೀಖಿನ ಪ್ರಕಾರ ಇಡುವುದು ನನ್ನ ಪದ್ಧತಿ. ಆಫ್, ಫ್ರಮ್, ಬೈ, ಫಾರ್ ನಾಲ್ಕಕ್ಕೂ ಉದಾಹರಣೆ ಆಗಿತ್ತು. ಇನ್ ಎಂಬುದಕ್ಕೆ ಒಂದು ಬೇಕಿತ್ತು. ಅಚ್ಚಿನ ಮನೆಯವನು ಎದುರಿಗೇ ಕೂತಿದ್ದ. ಪೆಟ್ಟಿಗೆ ತೆಗೆದೆ. ಲೋಕಮ್ಮ ಎಂಬ ಹೆಸರು ಊರಿಗೆ ಹತ್ತು ಇರುತ್ತವೆ, ಯಾರು ಗುರುತು ಹಿಡಿಯುತ್ತಾರೆ ಎಂದುಕೊಂಡೆ. ನಿರ್ಮಲ ಓದುತ್ತಾಳೆ ಎಂಬುದು, ದೇವರಾಣೆ, ತಲೆಗೇ ಬರಲಿಲ್ಲ. ಎರಡನೆಯ ಮುದ್ರಣದಲ್ಲಿ ಹೆಸರು ಬದಲಿಸುತ್ತೇನೆ.

ಅಕ್ಕಾ, ಇಷ್ಟು ಬರೆದು ಎದ್ದು ಹೋಗಿ ಮತ್ತೆ ಬಂದು ಕೂತಿದ್ದೇನೆ. ಅವತ್ತು ರಜೆ ಸಿಗಲಿಲ್ಲ ಎಂದು ನಿನಗೆ ಬರೆದಿದ್ದೆ. ನಾನು ರಜೆ ಕೇಳಿಯೇ ಇರಲಿಲ್ಲ. ಎತ್ತಿ ಆಡಿಸಿದ ಹುಡುಗಿಗೆ ಮಣ್ಣು ಹಾಕಲು ನನ್ನ ಕೈಲಿ ಆಗುತ್ತಿರಲಿಲ್ಲ. ಆ ಕಾಗದ ಹರಿದಿದ್ದರೆ ಎರಡನೆಯ ಸಲವೂ ಅವಳ ಬಳಿಗೆ ಬರಲಿಲ್ಲ ಎಂದಾಗುತ್ತಿತ್ತು. ಅದಕ್ಕೇ ಇಟ್ಟೆ.

ದ್ಯಾಮಮ್ಮ ನಿನ್ನ ಕಾಗದ ಓದಿದಳು. ಅಂದಿನಿಂದ ತಟ್ಟೆ ಇಟ್ಟು ಮಾತಾಡದೆ ಹೋಗುತ್ತಾಳೆ.

ಪರಮಶಿವ

—

ಶಿಕಾರಿಪುರ
27-1-1958, ಸೋಮವಾರ

ಪರಮಶಿವ,

ನಿನ್ನ ಕಾಗದವನ್ನು ಅಂಗಳದಲ್ಲೇ ನಿಂತು ಓದಿದೆ.

ನಮಗೆ ಸೂತಕವಿಲ್ಲ ಎಂದು ನನಗೆ ಪಾಠ ಹೇಳಬೇಡ. ಐವತ್ತು ವರ್ಷದಿಂದ ಕೊರಳಲ್ಲಿ ಲಿಂಗ ಇದೆ. ಸಾವಿನ ಕಾಗದ ಹರಿಯುವುದು ಸೂತಕಕ್ಕಲ್ಲ. ಒಬ್ಬರ ಕಿವಿಗೆ ಹೇಳಿದ್ದು ಅಲ್ಲಿಗೇ ಮುಗಿಯಲಿ ಎಂದು. ಸಂಕಟದಲ್ಲಿ ಬರೆದವರಿಗೆ ಏನು ಬರೆದೆ ಎಂಬ ಎಚ್ಚರ ಇರುವುದಿಲ್ಲ, ಓದಿದವನು ಅವರ ಮಾನ ಕಾಯಲಿ ಎಂದು.

ಮಲ್ಲೇಶಪ್ಪನ ಹುಣಸೆ ಮರ ಕಿತ್ತು ಹಾಕಿ ಅವನಿಗೆ ದೇಶ ಕೊಟ್ಟೆ. ಹಾಗಾದರೆ ಸುಳ್ಳು ಕಟ್ಟಲು ನಿನಗೂ ಬರುತ್ತದೆ. ಲೋಕಿ ಒಬ್ಬಳಿಗೇ ಏಕೆ ನಿಜ? ಯಾವಳೋ ಹೊಳೆಯಾಚೆಯ ಸೀತೆ ಎಂದು ಬರೆದಿದ್ದರೆ ನಿನ್ನ ಇಂಗ್ಲಿಷು ಮೈಲಿಗೆಯಾಗುತ್ತಿತ್ತೇನು? ನೀನು ರಜೆ ಕೇಳಲಿಲ್ಲ ಎಂಬುದನ್ನು ನಂಬುತ್ತೇನೆ. ನನಗೆ ಆಗಲೇ ಗೊತ್ತಿತ್ತು, ನಿನಗೆ ನಾಚಿಕೆಯಾಗದಿರಲಿ ಎಂದು ಸುಮ್ಮನಿದ್ದೆ. ಅದಕ್ಕೇ ಕಾಗದ ಇಟ್ಟುಕೊಂಡೆ ಎಂಬುದನ್ನೂ ನಂಬುತ್ತೇನೆ. ಆದರೆ ಹಾಗೆ ಇಟ್ಟುಕೊಂಡದ್ದನ್ನು ಅಚ್ಚಿನ ಮನೆಯವನ ಎದುರಿಗೆ ತಾರೀಖು ನೋಡಿ ಹೊರಗೆ ಎಳೆದೆಯಲ್ಲ, ಆ ಕೈ ನೆನೆದರೆ ನಿನಗೆ ಕಳಿಸಿದ ತುಪ್ಪವೂ ಹೇಸಿಗೆ ಅನ್ನಿಸುತ್ತದೆ. ಪಾಯಸದಲ್ಲಿ ಕೂದಲು ಸಿಕ್ಕ ಹಾಗಲ್ಲ ಇದು. ಕೂದಲಿಗೇ ಪಾಯಸ ಸವರಿ ಬಡಿಸಿದ ಹಾಗೆ.

ನಿರ್ಮಲ ಶಾಲೆಗೆ ಹೋಗುತ್ತಿಲ್ಲ. ಹತ್ತು ದಿನ ಬೇಕು ಬೇಡ ಎಂಬುದರ ಹೊರತು ಮಾತಿರಲಿಲ್ಲ. ನಿನ್ನೆ ತಲೆ ಬಾಚಿಸಿಕೊಳ್ಳಲು ಬಂದು ಕೂತಳು. ಬೆನ್ನು ನನ್ನ ಕಡೆಗೆ. ಹಾಗೆಯೇ ಕೇಳಿದಳು.

"ಅಜ್ಜಿ, ಬೇರೆ ಸೋಮವಾರ ನೀನು ನೀರು ಕುಡಿತಿ. ನಾನು ಹುಟ್ಟಿದ ಸೋಮವಾರ ಕುಡಿಯಲ್ಲ."

"ಹೌದು."

"ನಂಗೆ ಹೋಳಿಗೆ ಬಡಿಸಿ ಗ್ವಾಡಿ ಕಡೆ ಮುಖ ಮಾಡ್ಕಂಡು ಕೂರ್ತಿದ್ದೆ. ಹಸಿವಿಗೆ ಅನ್ಕಂಡಿದ್ದೆ."

ನಾನು ಸಿಕ್ಕು ಬಿಡಿಸುತ್ತಿದ್ದೆ. ಬಾಚಣಿಕೆ ಮುಂದೆ ಹೋಗಲಿಲ್ಲ.

"ಶಾಲೆಯಾಗೆ ತಾಯಿ ತಿಂದ್ಕಂಡವಳು ಅಂದ್ರು. ನಾನು ತಿಂದಿದ್ದು ಹೌದೇನಜ್ಜಿ?"

"ಬಾಯಿ ತೊಳ್ಕೋ. ಆ ಮಾತು ನಿನ್ನ ಬಾಯಾಗೆ ಬರಬಾರದು. ಸೂಲಗಿತ್ತಿ ಬರೋದು ತಡವಾತು, ರಕ್ತ ನಿಲ್ಲಲಿಲ್ಲ. ನೀನೇನು ಮಾಡ್ತಿ? ನಿನ್ನ ಕೈ ಇಷ್ಟಿತ್ತು, ಹುಣಸೆ ಬೀಜದಷ್ಟು."

ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡಳು. ಆಮೇಲೆ, "ಅವ್ವ ನನ್ನ ನೋಡಿದ್ಲಾ?" ಎಂದಳು.

"ನೋಡಿದ್ಲು. ಎತ್ತಿ ತೋರಿಸ್ದೆ. ನಿನ್ನ ಕಿವಿ ಮುಟ್ಟಿದ್ಲು."

ತಿರುಗಿ ನನ್ನ ಮುಖ ನೋಡಿದಳು. "ಇದು ಖರೇನಾ ಅಜ್ಜಿ, ಚಳಿಜ್ವರದ ಹಂಗಾ?"

ಪರಮಶಿವ, ಕಿವಿ ಮುಟ್ಟಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಮಡಿಲಲ್ಲಿ ಆಡಿಸಿದ ಆರು ತಿಂಗಳೂ ಈಗ ಹಾಗೆಯೇ ಕಣ್ಣಿಗೆ ಕಟ್ಟಿದೆ. ಹದಿಮೂರು ವರ್ಷ ಹೇಳಿ ಹೇಳಿ, ಯಾವುದು ನಡೆದದ್ದು, ಯಾವುದು ನಾನು ಕೂಸಿಗಾಗಿ ಕಟ್ಟಿದ್ದು ಎಂಬುದು ನನ್ನಲ್ಲೇ ಕಲೆಸಿಹೋಗಿದೆ. "ನಿನ್ನ ಬಾಯಿ ಮಾತು ಬ್ಯಾಡ, ಸೊರಬದ ಅಜ್ಜನ ಹತ್ರ ಇರೋ ಕಾಗದ ತರಿಸು" ಎಂದಳು. ಎದ್ದು, ಅರ್ಧ ಬಾಚಿದ ತಲೆಯಲ್ಲೇ ಎಮ್ಮೆಗೆ ಹುಲ್ಲು ಹಾಕಲು ಹೋದಳು.

ಎಂಥಾ ಹೇಸಿಗೆ ನೋಡು. ಮೂರು ಹೊತ್ತು ಶಿವನ ಹೆಸರು ಹೇಳುವ ನನ್ನ ಬಾಯಿಗೆ ಈ ಮನೆಯಲ್ಲಿ ಬೆಲೆ ಇಲ್ಲ. ನೀನು ಹರಿಯದೆ ಬಚ್ಚಿಟ್ಟ ಆ ಕಾಗದಕ್ಕೆ ಇದೆ. ಅದರಲ್ಲಿ ಕಿವಿಯ ಮಾತು ಬರೆದಿದ್ದೇನೋ ಇಲ್ಲವೋ ನನಗೆ ನೆನಪಿಲ್ಲ. ನಿನಗೆ ಗೊತ್ತಿರುತ್ತದೆ. ಬರೆದು ತಿಳಿಸಬೇಡ. ನಿನ್ನ ಅಕ್ಷರದಲ್ಲಿ ಅದನ್ನು ಓದಲು ನನಗೆ ಇಷ್ಟವಿಲ್ಲ, ಅವಳಿಗೂ ಇಲ್ಲ.

ಎರಡು ಕೆಲಸ ಮಾಡು. ನಿರ್ಮಲಳ ಶಾಲೆಗೆ ನೀನೇ ಬಂದು, ನಲವತ್ತು ಪುಸ್ತಕದ ಆ ಹಾಳೆಯನ್ನು ಮಕ್ಕಳ ಎದುರಿಗೆ ನಿನ್ನ ಕೈಯಿಂದಲೇ ಹರಿ. ಒಂದು ಹರಿಯಲು ಆಗದವನು ನಲವತ್ತು ಹರಿ. ಆಮೇಲೆ ಬಂದ ದಾರಿಯಲ್ಲೇ ತಿರುಗಿ ಹೋಗು, ನನ್ನ ಓಣಿಗೆ ಬರಬೇಡ.

ಇನ್ನೊಂದು, ಆ ಕಾಗದವನ್ನು ದ್ಯಾಮಮ್ಮನ ಕೈಯಲ್ಲಿ ಕೊಟ್ಟು ಕಳಿಸು. ಅಂಚೆಗೆ ಹಾಕಬೇಡ. ನಿರ್ಮಲ ಅಂಗಳದಲ್ಲಿ ನಿಂತು ಓದುತ್ತಾಳೆ. ಕಿವಿಯ ಮಾತು ಅದರಲ್ಲಿದ್ದರೆ ಒಳಗೆ ಬಂದು ನನ್ನ ಕೈಲಿ ತಲೆ ಬಾಚಿಸಿಕೊಳ್ಳುತ್ತಾಳೆ ಎಂದು ಆಸೆ ಇದೆ. ಇಲ್ಲದಿದ್ದರೆ ಏನು ಎಂಬುದು ಆ ಲಿಂಗಯ್ಯನಿಗೆ ಗೊತ್ತು. ಓದಿದ ಮೇಲೆ ಹರಿಯುವುದೋ, ಇಟ್ಟುಕೊಳ್ಳುವುದೋ, ಅವಳ ಇಷ್ಟ. ಅವಳ ಅವ್ವನ ಕಾಗದ ಅದು. ನಾನು ತಡೆಯುವುದಿಲ್ಲ.

ಮುಂದೆ ಎಂದಾದರೂ ನೀನು ನನ್ನ ಬಾಗಿಲಿಗೆ ಬರಬಹುದೋ ಬಾರದೋ ಎಂಬ ಉತ್ತರ ಆಮೇಲೆ. ಅದನ್ನು ನಾನು ಬರೆದು ಕೊಡುವುದಿಲ್ಲ. ಬರೆದದ್ದು ನಿನ್ನ ಪೆಟ್ಟಿಗೆ ಸೇರುತ್ತದೆ. ಸೊರಬದಿಂದ ಹೊರಡುವ ಮೊದಲ ಬಸ್ಸಿಗೆ ದ್ಯಾಮಮ್ಮನನ್ನು ಹತ್ತಿಸು. ನನ್ನ ಉತ್ತರವನ್ನು ಅವಳು ಬಾಯಲ್ಲಿ ಒಯ್ಯಲಿ.

ಬಸವಣ್ಣೆಮ್ಮ